ಒಂದೇ ಉದ್ದಕ್ಕೆ ಬಾರದ ನಾಡಿಗಳು

ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಮಾಡುವವರಿಗೆ ಎದೆ ಢವಢವ ಅನ್ನುವುದೂ ನಗು ಉಕ್ಕುವುದೂ ಒಂದೇ ಗಳಿಗೆಯಲ್ಲಿ. ಯಾವುದನ್ನು ಮೊದಲು ತಡೆಯಬೇಕೋ ತಿಳಿಯುವುದಿಲ್ಲ.

ಎಲ್ಲರ ಕೈಗೂ ಆಗತಾನೇ ಮೊಬೈಲ್ ಬರುತ್ತಿದ್ದ ಕಾಲ. ನಾನು ಕೆಂಗೇರಿ ಹತ್ತಿರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಲೆಕ್ಚರರ್. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತಪಾಸಣೆಗೆ ಹೊರಗಿನ ಪ್ರೊಫೆಸರ್ ಒಬ್ಬರು ಬರುವವರಿದ್ದರು. ಅವರಿಗೆ ತೋರಿಸಲು ಗದಗ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಬೆರಳಿಗೆ ಕ್ಲಿಪ್ ಹಾಕಿ ನಾಡಿ ಹಿಡಿಯುವ ಯಂತ್ರ ಮಾಡಿದ್ದ. ಅದು ಕೈಕೊಟ್ಟರೆ ನನ್ನ ಕೆಲಸವೂ ಹೋದಂತೆಯೇ ಎಂದು ನನಗೆ ಊಟ ಸೇರುತ್ತಿರಲಿಲ್ಲ.

೧. ಬೆರಳು ಕೊಟ್ಟವರು

ಸಿಬ್ಬಂದಿಯನ್ನೇ ಕೂರಿಸಿ ನಾಡಿ ದಾಖಲಿಸಿದೆವು. ವಿಭಾಗದ ಮುಖ್ಯಸ್ಥರಾದ ನಮ್ಮ ಹೆಚ್‌ಓಡಿಗೆ ಬಿಪಿ ಇತ್ತು. ಅದಕ್ಕಿಂತ ಜಾಸ್ತಿ ಬಿಪಿಯ ಭಯ ಇತ್ತು. ಕ್ಲಿಪ್ ಹಾಕಿದ ಸ್ವಲ್ಪ ಹೊತ್ತಿಗೇ ಫೋನ್ ಬಂತೆಂದು ಎದ್ದು ಹೋದರು. ಆಫೀಸಿನ ಆಂಟಿ ಮಾತ್ರ ಏಳುವಂತೆಯೇ ಕಾಣಲಿಲ್ಲ.

"ಮುಗೀತ್ರಿ ಆಂಟಿ," ಎಂದ ಹುಡುಗ.

"ಇರ್ಲಿ ಬಿಡಪ್ಪ, ನಿಮ್ ಲ್ಯಾಬಲ್ಲಿ ಫ್ಯಾನ್ ಚೆನ್ನಾಗಿದೆ. ಉಳಿದ ಬೆರಳೂ ನೋಡ್ಬಿಡು!"

೨. ಸೆಲ್

ತಪಾಸಣೆಯ ದಿನ ವಿಜಯನಗರದಲ್ಲಿ ಬಸ್ಸಿಗೆ ಜೋತುಬಿದ್ದಿದ್ದೆ. ಹುಡುಗನ ಫೋನ್ ಬಂತು. "ಮೇಡಂ, ಎಲ್ಲಾರ ನಾಡೀನೂ ಒಂದ ಮ್ಯಾಟ್ರಿಕ್ಸ್‌ನ್ಯಾಗ ಹಾಕಾಕ ಹ್ವಾದ್ರ ಕೆಂಪು ಎರರ್ ಬರಾಕತ್ತೈತ್ರಿ!"

ಬರದೆ ಇನ್ನೇನು? ಅಂಕಿಗಳನ್ನು ಸಾಲುಸಾಲಾಗಿ ಜೋಡಿಸುವ ಮ್ಯಾಟ್ರಿಕ್ಸ್‌ನಲ್ಲಿ ಎಲ್ಲ ಸಾಲೂ ಒಂದೇ ಉದ್ದ ಇರಬೇಕು. ನಮ್ಮಲ್ಲೋ ಬೇಗ ಎದ್ದುಹೋದ ಹೆಚ್‌ಓಡಿಯದು ಗಿಡ್ಡ, ಆಂಟಿಯದು ಉದ್ದ. ಹೀಗೆ ಉದ್ದ ಬೇರೆಬೇರೆಯಾದರೆ ಸಾಫ್ಟ್‌ವೇರಿನಲ್ಲೇ ಸೆಲ್ ಎಂಬ ಗೂಡುಗಳಿವೆ. ಒಂದೊಂದು ಗೂಡಿನಲ್ಲಿ ಎಷ್ಟುದ್ದದ್ದನ್ನಾದರೂ ಇಡಬಹುದು. ಬಸ್ಸಿನ ಗದ್ದಲದಲ್ಲಿ ಇಷ್ಟೆಲ್ಲ ಹೇಳುವುದು ಹೇಗೆ? "ಸೆಲ್‌ಗೆ ಹಾಕೋ, ಸೆಲ್ಲು! ಎಲ್ಲಾ ಸರಿಹೋಗುತ್ತೆ!" ಎಂದು ಕಿರುಚಿದೆ.

ನಾನು ಏದುಸಿರು ಬಿಡುತ್ತ ಲ್ಯಾಬಿಗೆ ಬಂದಾಗ ಅವನ ಮುಖದ ತುಂಬ ಬೆವರು. "ಉಪನಗರದ ಅಂಗಡಿಗೆ ಓಡಿ ಹೋಗಿ ಹೊಸಾ ಸೆಲ್ ತಂದು ಯಂತ್ರಕ್ಕ ಹಾಕೀನ್ರಿ ಮೇಡಂ. ಆದ್ರೂ ಅದ ಎರರ್ ಬಂತ್ರಿ. ಪೆನ್ಸಿಲ್ ಸೆಲ್ ಬ್ಯಾಡಾಗಿತ್ತೇನ್ರಿ, ದೊಡ್ಡ ಸೆಲ್ ಬೇಕಿತ್ತೇನ್ರಿ?"

೩. ನೆಟ್ಟಗಿನ ಗೆರೆ

ಆದರೆ ಪರದೆಯ ಮೇಲೆ ಈಗ ಎರರ್ ಇರಲಿಲ್ಲ. "ಮತ್ತೆ ಈಗ ಹೆಂಗೆ ನಡೀತಿದೆ?" ಎಂದು ಕೇಳುವಷ್ಟರಲ್ಲಿ ಹೆಚ್‌ಓಡಿ ಹೊರಗಿನ ಪ್ರೊಫೆಸರನ್ನು ಕರೆದುಕೊಂಡು ಒಳಗೆ ಬಂದೇಬಿಟ್ಟರು. ಹುಡುಗ ಬಟನ್ ಒತ್ತಿದ. ಪರದೆಯ ಮೇಲೆ ಆಂಟಿಯ ನಾಡಿ ಕುಣಿಯುತ್ತ ಹೋಯಿತು. ಅದರ ಕೆಳಗೆ ಹೆಸರಿನ ಸಮೇತ ಹೆಚ್‌ಓಡಿಯ ನಾಡಿ ನಾಲ್ಕು ಸಲ ಮಿಡಿದು ತಟ್ಟನೆ ನಿಂತಿತು. ಅಲ್ಲಿಂದಾಚೆಗೆ ಕೊನೆವರೆಗೂ ನೆಟ್ಟಗಿನ ಗೆರೆ.

ಹೆಚ್‌ಓಡಿ ಎದೆ ಹಿಡಿದುಕೊಂಡು ಕುರ್ಚಿಗೆ ಕುಸಿದರು. "ಏನ್ರೀ ಮೇಡಂ ಇದು!"

ಹುಡುಗ ಓಡಿ ಬಂದು ಸಮಾಧಾನ ಮಾಡಿದ: "ಗಾಬರಿ ಆಗಬ್ಯಾಡ್ರಿ ಸರ್. ಉದ್ದ ಸರಿ ಮಾಡಾಕ, ನೀವು ಹೋದ ಮ್ಯಾಲೆ ಬರೇ ಸೊನ್ನಿ ತುಂಬೀನ್ರಿ!"

"ನಾನು ಯಾವಾಗ್ರೀ ಹೋದೆ?"

ನಾನು ಕೂಡಲೇ ಸೊನ್ನೆಗಳನ್ನು ಅಳಿಸಿದೆ. ಮ್ಯಾಟ್ರಿಕ್ಸ್‌ನ ಚೌಕ ಬ್ರಾಕೆಟ್ ತೆಗೆದು ಸೆಲ್‌ನ ಗುರುತಾದ ಫ್ಲವರ್ ಬ್ರಾಕೆಟ್ ಹಾಕಿ ಒಬ್ಬೊಬ್ಬರ ನಾಡಿಯನ್ನು ಒಂದೊಂದು ಸೆಲ್‌ಗೆ ಸೇರಿಸಿದೆ. ಪ್ರೊಫೆಸರ್ ಕರವಸ್ತ್ರದಲ್ಲಿ ನಗು ಮುಚ್ಚಿಕೊಂಡೇ "ಪ್ರಾಜೆಕ್ಟ್ ಚೆನ್ನಾಗಿದೆ" ಎಂದರು. ನನ್ನ ಕೆಲಸ ಉಳಿಯಿತು. ಹೆಚ್‌ಓಡಿಗೆ ಮಾತ್ರ ನೆಮ್ಮದಿಯಿಲ್ಲ.

"ಈಗ ನನ್ನದು ಸರಿಯಾಗಿದೆಯಾ ಮೇಡಂ?"

"ಸರಿಯಾಗಿದೆ ಸಾರ್. ಎಲ್ಲರದಕ್ಕಿಂತ ಸ್ವಲ್ಪ ಗಿಡ್ಡ, ಅಷ್ಟೇ."

"ಏನು, ಆಯುಸ್ಸಾ?"