ಡಚ್ಚಿನ ಕಂಬಿ, ನಾಸಿರಾಕನ ಸ್ಲ್ಯಾಬ್

ಬಿ.ಸಿ.ರೋಡಿನ ಲತೇಶನ ಮನೆಯ ಇಂಟರ್‌ನೆಟ್ ತಂತಿಯನ್ನು ಪಕ್ಕದ ಮನೆಗೆ ಜಲ್ಲಿ ತಂದ ಲಾರಿ ಬೆಳಿಗ್ಗೆಯೇ ಹರಿದು ಹಾಕಿತು.

ದುಬೈಯಲ್ಲಿ ಡಚ್ಚರ ಕೈಕೆಳಗೆ ಗುಮಾಸ್ತನಾಗಿ, ಅವರ ಬೈಗುಳ ಕೇಳಿ ಕೇಳಿಯೇ ಲತೇಶ ಡಚ್ ಕಲಿತಿದ್ದ. ರಜೆಯಲ್ಲಿ ಬಂದವನಿಗೆ ಬೇರೊಂದು ಕಂಪೆನಿ ಪರೀಕ್ಷೆ ಕೊಟ್ಟಿತ್ತು: ಕಟ್ಟಡದ ನಕ್ಷೆಗಳ ಡಚ್ ಶಬ್ದಗಳನ್ನು ಇಂಗ್ಲಿಷಿಗೆ ತಂದು ಸಂಜೆಯೊಳಗೆ ಕಳಿಸಬೇಕು. ಪಾಸಾದರೆ ಮನೆಯಲ್ಲೇ ಕೂತು ಕೆಲಸ. ಇಲ್ಲವಾದರೆ ಮುಂದಿನ ವಾರ ಮತ್ತೆ ವಿಮಾನ. ಮಗಳು ಪ್ರಾಪ್ತಿ ಅವನನ್ನು ಕಂಡು ಅಳುವುದನ್ನು ಈಗಷ್ಟೇ ನಿಲ್ಲಿಸಿದ್ದಳು.

ಲ್ಯಾಪ್‌ಟಾಪ್ ಹಿಡಿದು ಪಕ್ಕದ ಮನೆಯ ಅಬ್ದುಲ್ ನಾಸಿರ್, ಅಂದರೆ ಊರಿಗೆಲ್ಲ ನಾಸಿರಾಕ ಆದವರ ಬಳಿ ಹಾಟ್‌ಸ್ಪಾಟ್ ಕೇಳಲು ಹೋದ.

"ಫೋನೇ ಇಟ್ಟುಕೋ ಮಾರಾಯ. ಇವತ್ತು ಸ್ಲ್ಯಾಬ್. ದುಬೈಯ ಕಟ್ಟಡದ ನಕ್ಷೆ ನೋಡುವವನಲ್ವಾ ನೀನು, ಕಂಬಿ ಒಮ್ಮೆ ನೋಡಿಬಿಡು."

"ನಾನು ಇಂಜಿನಿಯರ್ ಅಲ್ಲ ನಾಸಿರಾಕ. ಬರೀ ಶಬ್ದದ ಕೆಲಸ."

"ಗೊತ್ತುಂಟು, ಗೊತ್ತುಂಟು. ದೊಡ್ಡ ಡಾಕ್ಟ್ರುಗಳೂ ಮದುವೆಮನೆಯಲ್ಲಿ ಹೀಗೇ ಹೇಳುದು."

ನಮ್ಮ ಕಡೆ ಸ್ಲ್ಯಾಬ್ ಹಾಕುವ ದಿನವೆಂದರೆ ಅರ್ಧ ಮದುವೆ. ಕೆಲಸದವರಿಗೆ ಬಿರಿಯಾನಿ, ನೆರೆಯವರು ತಮ್ಮ ತಮ್ಮ ಅಭಿಪ್ರಾಯ ಹಿಡಿದುಕೊಂಡು ಬರುತ್ತಾರೆ. ಅವರೆಲ್ಲರ ಎದುರು ಲತೇಶನನ್ನು ಮೇಲೆ ಹತ್ತಿಸಲಾಯಿತು.

ಅವನ ತಲೆಯಲ್ಲಿದ್ದದ್ದು 'ಡೆಕ್ಕಿಂಗ್' ಎಂಬ ಒಂದೇ ಶಬ್ದ. ನಿಘಂಟು ಅದಕ್ಕೆ ಹೊದಿಕೆ ಎಂದಿತ್ತು. ಕಂಬಿಗೇನು ಚಳಿಯೋ, ಅವನಿಗೆ ತಿಳಿದಿರಲಿಲ್ಲ.

"ಮುಂಡಪ್ಪಣ್ಣ, ಈ ಕಂಬಿಗೆ ಹೊದಿಕೆ ಎಲ್ಲಿ?" ಎಂದು ಮೇಸ್ತ್ರಿಯನ್ನು ಮುಗ್ಧವಾಗಿ ಕೇಳಿದ.

ಮುಂಡಪ್ಪನ ಮುಖ ಮಳೆಗೆ ಸಿಕ್ಕ ಸಿಮೆಂಟ್ ಚೀಲದ ಹಾಗೆ ಗಟ್ಟಿಯಾಯಿತು. "ಕವರಾ ಸಾರ್? ಆ ಮೂಲೆಯಲ್ಲಿ ಕಂಬಿಯ ಅಡಿಗೂ ಕಾಂಕ್ರೀಟ್ ಹೋಗುವ ಹಾಗೆ ಸಿಮೆಂಟ್ ಬಿಲ್ಲೆ ಇಡ್ಲಿಕ್ಕೆ ಬಾಕಿ ಉಂಟು. ಈಗ ಇಡ್ತೇನೆ."

"ಕಂಡಿರಾ? ಒಂದೇ ಪ್ರಶ್ನೆ," ಎಂದು ನಾಸಿರಾಕ ನೆರೆಯವರತ್ತ ತಿರುಗಿದರು.

ಕಾಂಕ್ರೀಟ್ ಮಿಕ್ಸರ್ ನಿಂತಿತು. ನಾಸಿರಾಕನ ಹೆಂಡತಿ ಮಾಜಿದಾ ಕುರ್ಚಿ, ಕೊಡೆ ಕಳಿಸಿದರು. ಆಮೇಲೆ ನಾಸಿರಾಕ ಲತೇಶನನ್ನು ಬೀಮಿನಿಂದ ಬೀಮಿಗೆ ಕರೆದೊಯ್ದರು. ಪ್ರತಿ ಕಡೆಯೂ ಅವನು ಏನೂ ತಿಳಿಯದೆ "ಇದು ಯಾಕೆ ಹೀಗೆ?" ಎನ್ನುತ್ತಿದ್ದ. ಮುಂಡಪ್ಪ ಅದನ್ನು ಪೊಲೀಸ್ ವಿಚಾರಣೆ ಎಂದುಕೊಂಡು ಕಾರಣ ಒಪ್ಪಿಸಿ, ಎರಡು ತಂತಿ ಹೆಚ್ಚೇ ಬಿಗಿಯುತ್ತಿದ್ದ.

ಬಿರಿಯಾನಿಯ ಹೊತ್ತಿಗೆ ಲತೇಶನ ಡಚ್ ಶಬ್ದಗಳೆಲ್ಲ ಕಂಬಿ, ಬೀಮುಗಳಾಗಿ ಕಣ್ಣೆದುರು ಎದ್ದು ನಿಂತಿದ್ದವು. ಮಿಕ್ಸರ್ ಮತ್ತೆ ತಿರುಗತೊಡಗಿತು. ಅವನು ಅಂಗಳಕ್ಕೆ ಇಳಿದು, ಕೊಡೆಯ ಕೆಳಗೆ ಕೂತು ಒಂದೊಂದನ್ನೂ ಇಂಗ್ಲಿಷಿಗೆ ತಂದ. ಕಂಡದ್ದನ್ನು ಎರಡೆರಡು ಸಾಲು ವಿವರಿಸಿ, ನಾಸಿರಾಕನ ಫೋನಿನ ಕೃಪೆಯಿಂದ ಹೊತ್ತಿಗೆ ಸರಿಯಾಗಿ ಕಳಿಸಿದ.

ಮುಸ್ಸಂಜೆಗೆ ಉತ್ತರ ಬಂತು. ಹೆಂಡತಿ ಶಶಿಪ್ರಭಾ ಹೆಗಲ ಮೇಲಿಂದ ಬಗ್ಗಿ ಓದಿದಳು: 'ಅತ್ಯುತ್ತಮ. ನಿಮ್ಮಂಥ ಅನುಭವಿ ಇಂಜಿನಿಯರ್ ಮನೆಯಲ್ಲಿ ಕೂತು ಶಬ್ದ ಹುಡುಕುವುದು ನಷ್ಟ. ಅನುವಾದಕ್ಕೆ ಬೇರೆಯವರನ್ನು ನೋಡುತ್ತೇವೆ. ನೀವು ಕೂಡಲೇ ದುಬೈ ಸೈಟಿಗೆ ಬನ್ನಿ.'

"ಸತ್ಯ ಬರೆದುಬಿಡಿ," ಎಂದಳು ಅವಳು ಮೆಲ್ಲಗೆ.

ಬರೆದ. ಈ ಸಲದ ಉತ್ತರ ಚಿಕ್ಕದಿತ್ತು: 'ಇಂಜಿನಿಯರ್ ಅಲ್ಲದಿದ್ದರೆ ನಿಮ್ಮ ಅನುವಾದವನ್ನು ನಾವು ನಂಬುವುದು ಹೇಗೆ? ಕ್ಷಮಿಸಿ.'

ಶಶಿಪ್ರಭಾ ನಿದ್ದೆಗಣ್ಣಿನ ಪ್ರಾಪ್ತಿಯನ್ನು ಅವನ ಹೆಗಲಿಗೆ ಹಾಕಿದಳು. ಮಗು ಅಳಲಿಲ್ಲ.

"ಲತೇಶ್," ಆಚೆ ಅಂಗಳದಿಂದ ನಾಸಿರಾಕನ ಸ್ವರ. "ಸ್ಲ್ಯಾಬಿಗೆ ನೀರು ನಾಳೆಯಿಂದ ಬಿಡುದಲ್ವಾ? ನೀನೇ ಹೇಳಬೇಕು."

"ನಾನೇ ಬಂದು ನೀರು ಬಿಡ್ತೇನೆ ನಾಸಿರಾಕ," ಎಂದ ಲತೇಶ. "ಇನ್ನೊಂದು ವಾರ ಇಲ್ಲೇ ಇದ್ದೇನೆ."