ಕೊಂಬಿನ ಹಿಡಿಯ ಚಾಕು ಮತ್ತು ಹದಿನಾಲ್ಕನೆಯ ಪ್ರಶ್ನೆ

ಕನ್ನಡಕದಂಗಡಿಯ ಯಜಮಾನರಿಗೆ ಈ ಜಗತ್ತಿನ ಮೇಲೆ ಇದ್ದದ್ದು ಒಂದೇ ದೂರು. ಅಷ್ಟು ದೊಡ್ಡ ಮನೆಯಲ್ಲಿ ಒಂದು ಚಾಕುವಿನ ಫೋಟೊ ತೆಗೆಯುವುದಕ್ಕೆ ನೆಟ್ಟಗಿನ ಜಾಗವಿರಲಿಲ್ಲ. ಊಟದ ಮೇಜಿನ ಹೂವಿನ ಹೊದಿಕೆಯ ಮೇಲಿಟ್ಟರೆ, "ಇದೇ ಹೂವು ಇನ್ನೂ ಎಷ್ಟು ದಿನ ಸಾರ್?" ಎಂದು ಬಳಗದವರು ಕೇಳುತ್ತಿದ್ದರು. ಕಿಟಕಿಯ ಕಟ್ಟೆ ಪಾರಿವಾಳಗಳ ವಶದಲ್ಲಿತ್ತು. ಹಾಸಿಗೆಯ ಮೇಲಿಟ್ಟ ದಿನ ಹೆಂಡತಿ, "ಮಲಗೋ ಜಾಗದಲ್ಲಿ ಚಾಕು ಬಿಚ್ಚಿಡ್ತೀರಲ್ಲ, ನಿಮಗೆ ತಲೆ ನೆಟ್ಟಗಿದೆಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಶಾಲೆಗೆ ಹೊರಟುಹೋಗಿದ್ದಳು.

ಈ ಬಳಗ ಎಂದರೆ ಏನೋ ಎಂದು ಗಾಬರಿಯಾಗಬೇಡಿ. ಹೆಸರು 'ಮಡಿಸುವ ಚಾಕು ಪ್ರಿಯರ ಬಳಗ'. ವಾಸ ಮೊಬೈಲಿನಲ್ಲಿ. ಇನ್ನೂರ ಹನ್ನೆರಡು ಸದಸ್ಯರು, ಅವರಲ್ಲಿ ಅರ್ಧ ಜನ ಮೊಮ್ಮಕ್ಕಳನ್ನು ಕಂಡವರು. ಬೆಳಗ್ಗೆ ಹತ್ತರೊಳಗೆ ಪ್ರತಿಯೊಬ್ಬರೂ ಅಂದು ಜೇಬಿನಲ್ಲಿರುವ ಹಳೆಯ ಕಾಲದ ಮಡಿಸುವ ಚಾಕುವನ್ನು, ಪಕ್ಕದಲ್ಲಿ ಅಂದಿನ ಬದುಕಿನ ಏನಾದರೊಂದು ವಸ್ತುವನ್ನು ಇಟ್ಟು ಫೋಟೊ ಹಾಕಬೇಕು. ಲಾರಿ ಓಡಿಸುವವರು ಸ್ಟಿಯರಿಂಗಿನ ಪಕ್ಕ ಹಾಕುತ್ತಿದ್ದರು. ಗ್ರಂಥಾಲಯದವರು ಪುಸ್ತಕದ ಪಕ್ಕ ಹಾಕುತ್ತಿದ್ದರು. ಒಬ್ಬರು ನಿದ್ದೆ ಹೋಗಿದ್ದ ಮೊಮ್ಮಗುವಿನ ಪಕ್ಕ ಇಟ್ಟು ತೆಗೆದು, ಮಗಳ ಕೈಯಲ್ಲಿ ಜನ್ಮಕ್ಕಾಗುವಷ್ಟು ಬೈಸಿಕೊಂಡಿದ್ದರು. (ಇಷ್ಟೆಲ್ಲ ಆಯುಧಪಾಣಿಗಳು ಸೇರಿದ್ದರೂ, ಸೇಬಿಗಿಂತ ದೊಡ್ಡದನ್ನು ಕತ್ತರಿಸಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.)

ಬಳಗದ ಅಡ್ಮಿನ್ ಒಬ್ಬ ನಿವೃತ್ತ ದಂತವೈದ್ಯರು. ನಲವತ್ತು ವರ್ಷ ಊರವರ ಬಾಯಿ ತೆರೆಸಿದವರು ಈಗ ಇನ್ನೂರ ಹನ್ನೊಂದು ಜನರ ಬಾಯಿ ಮುಚ್ಚಿಸುತ್ತಿದ್ದರು. ಚಾಕುವಿನ ವಿಷಯದಲ್ಲಿ ಅವರ ಮಾತೇ ಕಡೆಯ ತೀರ್ಪು. ಅವರು ತಂದಿದ್ದ ನಿಯಮಗಳಲ್ಲಿ ತುಂಬ ಕಠಿಣವಾದದ್ದು ನಕಲಿ ಚಾಕುವಿನ ಕುರಿತದ್ದು. ನಕಲಿ ಎಂದು ಗೊತ್ತಾದ ಚಾಕುವಿನ ಫೋಟೊ ಬಳಗದಲ್ಲಿ ಒಂದು ನಿಮಿಷವೂ ಇರಕೂಡದು. ಸದಸ್ಯರೆಲ್ಲ ತಂತಮ್ಮ ಮೊಬೈಲಿನಿಂದಲೂ ಅದನ್ನು ಅಳಿಸಿ 'ಅಳಿಸಿದೆ' ಎಂದು ಬರೆಯಬೇಕು. ಹಾಕಿದವನನ್ನು ಬಳಗದಿಂದ ಹೊರಗೆ ಹಾಕಬೇಕು.

ಕನ್ನಡಕದವರ ಬಳಿ ಇದ್ದ ಚಾಕುಗಳಲ್ಲೆಲ್ಲ ಶಿರೋಮಣಿ ಎಂದರೆ ಮಾವನವರು ಕೊಟ್ಟದ್ದು. ಕೊಂಬಿನ ಹಿಡಿ, ಎರಡು ಅಲಗು, ಮುಚ್ಚಿದರೆ ಟಕ್ ಎಂದು ಗತ್ತಿನ ಸದ್ದು. ಮಾವನವರು ತೀರಿಕೊಳ್ಳುವ ಮೊದಲು ತಮ್ಮ ಸ್ವಂತ ಮಗನನ್ನು ಬಿಟ್ಟು ಅಳಿಯನನ್ನು ಕರೆದು, "ನಿಮಗೆ ಇದರ ಬೆಲೆ ಗೊತ್ತು" ಎಂದು ಕೈಗಿಟ್ಟಿದ್ದರು. ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಆ ಮಗ, ಅಂದರೆ ನಮ್ಮವರ ಭಾವಮೈದುನ, ಅಂದಿನಿಂದ ಆ ಚಾಕುವಿನ ಮೇಲೆ ಕಣ್ಣಿಟ್ಟೇ ಕೂತಿದ್ದ. ಬಳಗಕ್ಕೂ ಸೇರಿಕೊಂಡಿದ್ದ. ಭಾವನ ಚಾಕುವಿಗೆ ಯಾರಾದರೂ ಭೇಷ್ ಎಂದರೆ, ಕೆಳಗೆ 'ನಮ್ಮಪ್ಪನದು' ಎಂದು ಬರೆಯದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಒಂದು ಬಿಳಿಯ ಕಾಗದ ಬಿದ್ದಿತ್ತು. ಅಚ್ಚಾದ ಸಾಲುಗಳು, ನಡುವೆ ಎರಡು ತ್ರಿಭುಜ, ಒಂದು ವೃತ್ತ. ಕಿಟಕಿಯ ಬಿಸಿಲು ಸರಿಯಾಗಿ ಅದರ ಮೇಲೇ ಬಿದ್ದಿತ್ತು. ಹೆಂಡತಿ ಶಾಲೆಗೆ ಹೋಗಿಯಾಗಿತ್ತು. ಕನ್ನಡಕದವರು ಕಾಗದದ ತಲೆಯಿಂದ ಕೆಳಕ್ಕೆ ಓರೆಯಾಗಿ ಚಾಕು ಬಿಚ್ಚಿಟ್ಟರು, ಪಕ್ಕಕ್ಕೆ ಕಾಫಿ ಲೋಟ ಸರಿಸಿದರು, ಉಸಿರು ಬಿಗಿಹಿಡಿದು ತೆಗೆದರು. ಆಹಾ, ಕೊಂಬಿನ ಒಳಗಿನ ಜೇನುಬಣ್ಣ ಕೂಡ ಬಂದಿತ್ತು! ಕೂಡಲೇ ಬಳಗಕ್ಕೆ ಹಾಕಿ, ಶಿಳ್ಳೆ ಹೊಡೆಯುತ್ತ ಅಂಗಡಿಗೆ ನಡೆದರು.

ಮಧ್ಯಾಹ್ನದ ಹೊತ್ತಿಗೆ ನೂರ ಮೂವತ್ತು ಶಹಬ್ಬಾಸ್‌ಗಿರಿ ಬಂದಿತ್ತು. ದಂತವೈದ್ಯರೇ ಹಿಡಿಗೆ ಹೊಡೆದ ಮೊಳೆಯ ಜಾಗವನ್ನು ದೊಡ್ಡದು ಮಾಡಿ, ಕತ್ತರಿಸಿ ಮತ್ತೆ ಹಾಕಿದ್ದರು. 'ಈ ಮೊಳೆ ನೋಡಿ. ಇದನ್ನು ಕೂರಿಸಿದ ಕೈಗೆ ನಮಸ್ಕಾರ' ಎಂದು ಬರೆದಿದ್ದರು. ನಮ್ಮವರು ಕಣ್ಣಿಗೆ ಒಂದು ಭೂತಗನ್ನಡಿ ಏರಿಸಿಕೊಂಡು (ಅಂಗಡಿಯಲ್ಲಿ ಅದಕ್ಕೇನು ಬರ) ಆ ಮೊಳೆಯನ್ನು ನೋಡಿದರು. ಮೊಳೆಯ ಕೆಳಗೆ ಅಕ್ಷರ ಕಂಡಿತು. 'ಹದಿನಾಲ್ಕು. ಒಂದು ಲಂಬಕೋನ ತ್ರಿಭುಜದಲ್ಲಿ...'

ಇನ್ನೂ ದೊಡ್ಡ ಭೂತಗನ್ನಡಿ ಏರಿಸಿಕೊಂಡು ಮತ್ತೆ ನೋಡಿದರು.

ಅವರ ಹೆಂಡತಿ ಹತ್ತನೆಯ ತರಗತಿಗೆ ಗಣಿತ ಹೇಳಿಕೊಡುವ ಮೇಡಂ. ಈ ಸಲ ಹದಿನಾರು ಶಾಲೆಗಳಿಗೆ ಒಂದೇ ಪ್ರಶ್ನೆಪತ್ರಿಕೆ, ಅದನ್ನು ತಯಾರಿಸುವ ಜವಾಬ್ದಾರಿ ಅವಳದು. ಒಂದು ವಾರದಿಂದ, "ಮೇಜಿನ ಮೇಲಿನ ನನ್ನ ಕಾಗದ ಯಾರಾದರೂ ಮುಟ್ಟಿದರೆ ನೋಡಿ!" ಎಂದು ಸಾರುತ್ತಲೇ ಇದ್ದಳು. (ಮನೆಯಲ್ಲಿ ಇದ್ದದ್ದು ಇಬ್ಬರೇ ಆದ್ದರಿಂದ ಆ 'ಯಾರಾದರೂ' ಯಾರು ಎಂಬುದರಲ್ಲಿ ಅನುಮಾನವಿರಲಿಲ್ಲ.) ಪರೀಕ್ಷೆ ಸೋಮವಾರ. ನಮ್ಮವರು ಪೂರ್ತಿ ಫೋಟೊ ತೆರೆದು ನೋಡಿದರು. 'ಹತ್ತನೆಯ ತರಗತಿ. ಗಣಿತ. ಪೂರ್ವಸಿದ್ಧತಾ ಪರೀಕ್ಷೆ.' ಅದರ ಮುಂದೆ ಮಾವನವರ ಚಾಕು ಅಡ್ಡ ಮಲಗಿತ್ತು. ಇಪ್ಪತ್ತೆರಡು ವರ್ಷ ಒಂದು ಕಪ್ಪು ಚುಕ್ಕೆಯಿಲ್ಲದೆ ದುಡಿದ ಹೆಂಗಸು, ಪ್ರಶ್ನೆಪತ್ರಿಕೆ ಬಯಲು ಮಾಡಿದವಳು ಎಂಬ ಹೆಸರು ಹೊತ್ತು ಮನೆಗೆ ಬರುತ್ತಾಳಲ್ಲ, ಅದೂ ಗಂಡನ ಚಾಕುವಿನ ದೆಸೆಯಿಂದ!

ಫೋಟೊ ಅಳಿಸಲು ಹೋದರೆ ಅದರ ವೇಳೆ ಮೀರಿತ್ತು. ಇನ್ನು ಅಳಿಸುವ ಅಧಿಕಾರ ಅಡ್ಮಿನ್ನರಿಗೆ ಮಾತ್ರ. ಹೆಂಡತಿಗೆ ಹೇಳೋಣವೆಂದರೆ ನಾಲ್ಕು ಗಂಟೆಯವರೆಗೆ ಅವಳ ಫೋನು ಬಂದ್. ಅಷ್ಟರಲ್ಲಿ ಲಾರಿಯವರ ಸಂದೇಶ ಬಂತು. 'ಚಾಕು ಬೊಂಬಾಟ್ ಸಾರ್. ಕೆಳಗಿರೋ ಲೆಕ್ಕಾನೂ ಚೆನ್ನಾಗಿದೆ. ನನ್ನ ಮಗಳಿಗೆ ಸೋಮವಾರ ಗಣಿತ ಪರೀಕ್ಷೆ, ಸಂಜೆ ತೋರಿಸ್ತೀನಿ.'

ನಮ್ಮವರು ಕೂಡಲೇ ದಂತವೈದ್ಯರಿಗೆ ಫೋನ್ ಮಾಡಿದರು.

"ಡಾಕ್ಟ್ರೇ, ಬೆಳಗ್ಗೆ ನಾನು ಹಾಕಿದ ಫೋಟೊ ದಯವಿಟ್ಟು ತೆಗೆದುಬಿಡಿ."

"ಯಾಕ್ರೀ? ವರ್ಷಕ್ಕೊಂದು ಬರುತ್ತೆ ಇಂಥ ಫೋಟೊ. ನಾನು ದೊಡ್ಡದು ಮಾಡಿಸಿ ಗೋಡೆಗೆ ಹಾಕೋಣ ಅಂತಿದ್ದೀನಿ."

"ಗೋಡೆಗಾ!" ನಮ್ಮವರು ಎದ್ದೇ ನಿಂತರು. "ಬೇಡ ಡಾಕ್ಟ್ರೇ. ಒಂದು ಕಾರಣ ಇದೆ."

"ಏನು ಕಾರಣ?"

ಇಲ್ಲೇ ಇತ್ತು ಪೇಚು. ಕಾರಣ ಹೇಳಿದರೆ ಇದುವರೆಗೆ ಮೊಳೆ ನೋಡುತ್ತಿದ್ದ ಇನ್ನೂರ ಹನ್ನೊಂದು ಜನರೂ ಪ್ರಶ್ನೆ ನೋಡುತ್ತಾರೆ. ಹೇಳದಿದ್ದರೆ ಅದು ಗೋಡೆಗೆ ಏರುತ್ತದೆ. ಎಲ್ಲರ ಮೊಬೈಲಿನಿಂದಲೂ ಒಂದೇ ಏಟಿಗೆ ಒಂದು ಫೋಟೊವನ್ನು ಅಳಿಸಬಲ್ಲ ಮಂತ್ರ ಈ ಭೂಮಿಯ ಮೇಲೆ ಒಂದೇ ಇತ್ತು. ಅದು ನೆನಪಾದಾಗ ಅವರ ಕಣ್ಣಲ್ಲಿ ನೀರೇ ಬಂತು. ಆದರೂ ಹೆಂಡತಿಯ ಮುಖ ನೆನೆಸಿಕೊಂಡು, ಗಟ್ಟಿ ಮನಸ್ಸು ಮಾಡಿ ನುಡಿದರು.

"ಆ ಚಾಕು... ನಕಲಿ ಡಾಕ್ಟ್ರೇ."

ಅರಿವಳಿಕೆಯಿಲ್ಲದೆ ತಮ್ಮದೇ ಹಲ್ಲು ಕಿತ್ತವರ ಹಾಗೆ ಡಾಕ್ಟರು ನರಳಿದ್ದು ಕೇಳಿಸಿತು.

"ನಕಲಿ?"

"ಹಿಡಿ ಪ್ಲಾಸ್ಟಿಕ್ಕು. ನನಗೆ ಇವತ್ತೇ ಗೊತ್ತಾಯ್ತು."

"ಒಂಬತ್ತು ವರ್ಷದಿಂದ ನಮಗೆ ಪ್ಲಾಸ್ಟಿಕ್ ತೋರಿಸ್ತಾ ಇದ್ರಾ? ಛೇ! ನೀವು ಹೀಗೆ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ."

ಎರಡೇ ನಿಮಿಷ. ಬಳಗದಲ್ಲಿ ಫರ್ಮಾನು ಹೊರಟಿತು. ಅಳಿಸಿದೆ, ಅಳಿಸಿದೆ, ಅಳಿಸಿದೆ ಎಂದು ಸಾಲುಗಟ್ಟಿ ಬಂತು. ಲಾರಿಯವರು, 'ಅಳಿಸಿದೆ. ಮಗಳಿಗೂ ತೋರಿಸೋದಿಲ್ಲ. ಇಂಥದ್ದೆಲ್ಲ ಮಕ್ಕಳು ನೋಡಬಾರದು' ಎಂದು ಬರೆದರು. ಅದನ್ನು ಓದಿ ನಮ್ಮವರು ನಿಟ್ಟುಸಿರು ಬಿಡುತ್ತಿರುವಾಗಲೇ 'ನಿಮ್ಮನ್ನು ಬಳಗದಿಂದ ತೆಗೆಯಲಾಗಿದೆ' ಎಂದು ಕಾಣಿಸಿತು. ಒಂಬತ್ತು ವರ್ಷದ ಮಾನ ಹೋಗಿತ್ತು. ಆದರೆ ಹೆಂಡತಿಯ ಮಾನ ಉಳಿದಿತ್ತು. ಆ ಸಂಜೆ ಅವರು ಬೀದಿಯಲ್ಲಿ ನಡೆದದ್ದು ಹುತಾತ್ಮರ ಠೀವಿಯಲ್ಲಿ.

ಮನೆಯ ಬಾಗಿಲಲ್ಲಿ ಭಾವಮೈದುನನ ಸೈಕಲ್ ಇತ್ತು. ಒಳಗೆ ಹೆಂಡತಿಯ ಕಣ್ಣು ಕೆಂಪಾಗಿತ್ತು.

"ನಮ್ಮಪ್ಪ ನಿಮಗೆ ಪ್ಲಾಸ್ಟಿಕ್ ಕೊಟ್ಟರಾ?" ಎಂದಳು, ಚಪ್ಪಲಿ ಬಿಡುವುದಕ್ಕೂ ಬಿಡದೆ. "ಇನ್ನೂರು ಜನರ ಮುಂದೆ ಹಾಗಂದ್ರಾ? ಸತ್ತವರ ಮೇಲೆ ಇಂಥ ಮಾತಾ?"

"ಅದು ಹಾಗಲ್ಲ ಕಣೇ..."

"ಹಾಗಲ್ಲದಿದ್ರೆ ಹೇಗೆ ಭಾವ?" ಎಂದ ಭಾವಮೈದುನ, ತುಂಬ ವಿನಯದಿಂದ.

ಹೇಗೆ ಎಂದು ಅವನೆದುರು ಹೇಳುವ ಹಾಗಿರಲಿಲ್ಲ. ಅವನ ಕಿವಿಗೆ ಬಿದ್ದ ಮಾತು ಬಳಗ ತಲುಪಲು ಅರ್ಧ ನಿಮಿಷ ಸಾಕು. ನಮ್ಮವರು ಬಗ್ಗಿ ಚಪ್ಪಲಿ ಬಿಡತೊಡಗಿದರು.

"ನೋಡು, ಬಾಯೇ ಇಲ್ಲ ಇವರಿಗೆ!" ಹೆಂಡತಿಯ ದನಿ ಒಡೆಯಿತು. "ಕೊಡಿ ಇಲ್ಲಿ ಆ ಚಾಕು. ತಗೊಂಡು ಹೋಗೋ. ಅಪ್ಪನ ವಸ್ತುವನ್ನ ನಕಲಿ ಅನ್ನೋರ ಮನೆಯಲ್ಲಿ ಅದು ಇರೋದು ಬೇಡ."

ಭಾವಮೈದುನ, "ಅಯ್ಯೋ, ಬೇಡ ಅಕ್ಕ" ಎಂದ. ಎನ್ನುವಾಗಲೇ ಚಾಕು ಅವನ ಜೇಬಿನಲ್ಲಿತ್ತು. ಸೈಕಲ್ ಏರಿದ್ದೂ ಕಾಣಲಿಲ್ಲ, ಬೀದಿಯ ತಿರುವು ದಾಟಿದ್ದೂ ಕಾಣಲಿಲ್ಲ.

ಅವನು ಹೋದ ಮೇಲೆ ನಮ್ಮವರು ಬಾಗಿಲು ಹಾಕಿ, ಚಿಲಕ ಜಡಿದು, ಪಿಸುಮಾತಿನಲ್ಲಿ ಎಲ್ಲವನ್ನೂ ಒದರಿದರು. ಬಿಸಿಲು, ತ್ರಿಭುಜ, ಹದಿನಾಲ್ಕನೆಯ ಪ್ರಶ್ನೆ, ಲಾರಿಯವರ ಮಗಳು. "ನಿನ್ನ ಕೆಲಸ ಉಳಿಸೋಕೆ ನನ್ನ ಮರ್ಯಾದೆ ನಾನೇ ತೆಗೆದುಕೊಂಡೆ ಕಣೇ" ಎಂದು ಮುಗಿಸುವಾಗ ಅವರಿಗೇ ಅಳು ಬಂದಿತ್ತು.

ಹೆಂಡತಿ ಬಾಯಿ ತೆರೆದುಕೊಂಡೇ ಕೇಳಿದಳು. ಆಮೇಲೆ ಎದ್ದುಹೋಗಿ ಆ ಕಾಗದ ತಂದು ಅವರ ಮೂಗಿನ ಕೆಳಗೆ ಹಿಡಿದಳು.

"ಇದೇನಾ?"

"ಅಯ್ಯೋ, ಮಡಚಿಡು! ಯಾರಾದ್ರೂ ನೋಡಿಯಾರು!"

"ಇಸವಿ ಓದ್ರೀ."

ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಬೆಳಗ್ಗೆ ಚಾಕು ಅಡ್ಡ ಮಲಗಿದ್ದ ಜಾಗದಲ್ಲಿ ಸ್ಪಷ್ಟವಾಗಿ ಹೋದ ವರ್ಷದ ಇಸವಿ ಇತ್ತು.

"ಹೋದ ಸಲದ ಪ್ರಶ್ನೆ ಈ ಸಲ ಬರಬಾರದು ಅಂತ ಪಕ್ಕದಲ್ಲಿ ಇಟ್ಕೊಂಡಿದ್ದೆ. ಪೇಟೆಯಲ್ಲಿ ಹಳೇ ಪ್ರಶ್ನೆಪತ್ರಿಕೆಗಳ ಪುಸ್ತಕದಲ್ಲೇ ಸಿಗುತ್ತೆ ಇದು. ಈ ಸಲದ್ದು ಶಾಲೆಯ ಕಬ್ಬಿಣದ ಬೀರುವಿನಲ್ಲಿದೆ, ಎರಡು ಬೀಗ ಹಾಕಿ. ನಿಮ್ಮನ್ನ ಕಟ್ಟಿಕೊಂಡು ನಾನು ಅದನ್ನ ಮನೆಗೆ ತರ್ತೀನಾ?"

ನಮ್ಮವರು ದಂಗಾಗಿ ನೆಲದ ಮೇಲೇ ಕೂತರು. ಹೆಂಡತಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಗಂಡನ ಮುಖ ನೋಡಿ ಕರುಳು ಚುರುಕ್ ಎಂದಿತು. ನನಗೋಸ್ಕರ ಹಾಗೆ ಹೇಳಿದರಲ್ಲ ಪಾಪ, ಎಂದುಕೊಂಡು ಪಕ್ಕದಲ್ಲಿ ಕೂತು ತಮ್ಮನಿಗೆ ಫೋನ್ ಮಾಡಿದಳು.

"ಲೋ, ಆ ಚಾಕು ವಾಪಸ್ ತಂದುಕೊಡೋ. ಭಾವ ಹೇಳಿದ್ದು ಸುಳ್ಳಂತೆ. ಅದು ಅಸಲಿನೇ."

"ಅಸಲಿ ಅಂತ ನನಗೂ ಗೊತ್ತಕ್ಕ" ಎಂದಿತು ಆ ಕಡೆಯ ದನಿ. "ಆದರೆ ತಡ ಆಯ್ತಲ್ಲ. ಬರ್ತಾ ದಾರಿಯಲ್ಲೇ ಡಾಕ್ಟ್ರಿಗೆ ತೋರಿಸಿ, ಫೋಟೊನೂ ಹಾಕಿಬಿಟ್ಟೆ."

"ನಕಲಿ ಅಂತ ಅಳಿಸಿದ್ದನ್ನೇ ಹೇಗೋ ಹಾಕಿದೆ?"

"ಅಪ್ಪನ ಹತ್ರ ಎರಡಿತ್ತು ಅಂದೆ. ಅಸಲಿದು ಮಗನಿಗೆ ಕೊಟ್ರು, ನಕಲಿದು ಅಳಿಯನಿಗೆ ಕೊಟ್ರು ಅಂದೆ. ಎಲ್ಲರೂ ಅಪ್ಪನ್ನ ಹೊಗಳಿದ್ದೇ ಹೊಗಳಿದ್ದು! ನೂರ ಎಪ್ಪತ್ತು ಜನ. ಈಗ ಇಲ್ಲ, ಇದ್ದದ್ದು ಒಂದೇ ಅಂದ್ರೆ ನಾನು ಸುಳ್ಳ ಆಗ್ತೀನಿ, ಅದಿರಲಿ, ಅಪ್ಪನ ಹೆಸರೇನಾಗಬೇಕು ಹೇಳು?"

ಹೆಂಡತಿ ಫೋನ್ ಕೆಳಗಿಟ್ಟಳು. ಒಂದು ಕಡೆ ಗಂಡ, ಇನ್ನೊಂದು ಕಡೆ ತೀರಿಹೋದ ಅಪ್ಪ. ಲೆಕ್ಕದ ಮೇಡಂ ಆದರೂ ಈ ಲೆಕ್ಕ ಅವಳಿಗೆ ಸುಲಭವಾಗಿರಲಿಲ್ಲ.

"ಹೋಗ್ಲಿ ಬಿಡಿ ರೀ" ಎಂದಳು ಕೊನೆಗೆ. "ನನ್ನ ತವರುಮನೆಯಲ್ಲೇ ಇರುತ್ತಲ್ಲ."

ಮಾರನೆಯ ದಿನ ಅಂಗಡಿಯ ಬಾಗಿಲು ತೆರೆಯುತ್ತಲೇ ದಂತವೈದ್ಯರು ಬಂದರು. ವಾರದ ಹಿಂದೆ ಕನ್ನಡಕಕ್ಕೆ ಹೇಳಿಹೋಗಿದ್ದರು. ನಮ್ಮವರು ಮುಖ ಎತ್ತಲಾರದೆ ಕನ್ನಡಕದ ಡಬ್ಬಿ ಮುಂದಿಟ್ಟರು. ಡಾಕ್ಟರು ದೊಡ್ಡ ಮನಸ್ಸು ಮಾಡಿ ಅವರ ಭುಜ ತಟ್ಟಿದರು.

"ಬೇಜಾರು ಮಾಡ್ಕೋಬೇಡಿ. ನೀವಾಗೇ ಬಂದು ಒಪ್ಪಿಕೊಂಡ್ರಲ್ಲ, ಅದು ದೊಡ್ಡತನ. ನಿಮ್ಮ ಭಾವಮೈದುನರ ಹತ್ರ ಇರೋ ಅಸಲಿದನ್ನ ನಿನ್ನೆ ಕೈಯಲ್ಲಿ ಹಿಡಿದು ನೋಡಿದೆ. ಏನು ಮೊಳೆ, ಏನು ಕೊಂಬು! ನಿಮ್ಮದಕ್ಕೂ ಅದಕ್ಕೂ ಅಜಗಜಾಂತರ."

"ಅಷ್ಟೊಂದು ವ್ಯತ್ಯಾಸ ಇದೆಯಾ ಡಾಕ್ಟ್ರೇ?" ಎಂದು ಕೇಳಿದರು ನಮ್ಮವರು, ಕ್ಷೀಣವಾಗಿ.

"ಕಣ್ಣಿರೋ ಯಾರಿಗೇ ಆದರೂ ದೂರದಿಂದಲೇ ಗೊತ್ತಾಗುತ್ತೆ. ಒಂಬತ್ತು ವರ್ಷ ದಿನಾ ನೋಡಿದರೂ ನಿಮಗೆ ಗೊತ್ತಾಗಲಿಲ್ಲ ನೋಡಿ, ಅದೇ ನನಗೆ ಯೋಚನೆ." ಡಾಕ್ಟರು ಹೊಸ ಕನ್ನಡಕವನ್ನು ಡಬ್ಬಿಯಿಂದ ತೆಗೆದು, ಬೆಳಕಿಗೆ ಹಿಡಿದು, ಹಾಕಿಕೊಳ್ಳದೆ ಹಾಗೇ ಡಬ್ಬಿಯೊಳಗೆ ಇಟ್ಟರು. "ತಪ್ಪು ತಿಳ್ಕೋಬೇಡಿ. ಇದನ್ನ ಒಂದು ಸಲ ಬೇರೆ ಅಂಗಡಿಯಲ್ಲಿ ತೋರಿಸಿಕೊಂಡು ಬರ್ತೀನಿ."