ತನಿಯ ಹೊತ್ತಿಗೆ ಕೋಸಂಬರಿ

ಇದನ್ನು ಬರೆಯಬೇಕೆಂದು ನಾನು ಕುಳಿತದ್ದು ಇದೇ ಮೊದಲಲ್ಲ. ಕುಳಿತಾಗಲೆಲ್ಲ ಕನ್ನಡಕ ಒರೆಸುವುದು ನೆನಪಾಗುತ್ತದೆ, ಒರೆಸಿದ ಮೇಲೆ ಕಾಫಿ ನೆನಪಾಗುತ್ತದೆ, ಕಾಫಿ ಕುಡಿದ ಮೇಲೆ ನಿದ್ದೆ ಬರುತ್ತದೆ. ತಪ್ಪು ಮಾಡುವಾಗ ಇಷ್ಟೊಂದು ಅಡಚಣೆ ಇರಲಿಲ್ಲ. ಒಪ್ಪಿಕೊಳ್ಳಲು ಹೊರಟರೆ ಮಾತ್ರ ಮನೆಗೆಲಸವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತದೆ.

ಮನೆತನದಲ್ಲಿ ಒಬ್ಬ ಸಂಗೀತ ವಿದ್ವಾಂಸರಿರುವುದು ಭಾಗ್ಯ ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರ ಮನೆಯಲ್ಲಿ ಅಂಥವರು ಇರುವುದಿಲ್ಲ. ನನ್ನ ಭಾವ, ಅಂದರೆ ಅಕ್ಕನ ಗಂಡ, ಮೃದಂಗ ವಿದ್ವಾಂಸರು. ವಾಸ ಶಿವಮೊಗ್ಗದಲ್ಲಿ. ಭದ್ರಾವತಿಯಲ್ಲಿ ಕಚೇರಿ ಇದ್ದರೆ ಓಲ್ಡ್ ಟೌನಿನ ನಮ್ಮ ಮನೆಯೇ ಅವರ ಬಿಡಾರ. ನುಡಿಸುವ ಮುಂಚೆ ಮೃದಂಗದ ಎಡಮುಖಕ್ಕೆ ನೆನೆಸಿದ ರವೆ ಮೆತ್ತಬೇಕು, ಇಲ್ಲದಿದ್ದರೆ ಅದು ಗುಂ ಎನ್ನುವುದಿಲ್ಲವಂತೆ. ಆ ರವೆ ನಮ್ಮ ಅಡುಗೆಮನೆಯದು. "ರೀ, ನಿಮ್ಮ ಭಾವನ ಮೃದಂಗದ ತಿಂಡಿ ಆಯ್ತು, ನಿಮಗೆ ಉಪ್ಪಿಟ್ಟಿಲ್ಲ," ಎನ್ನುತ್ತಾಳೆ ನನ್ನ ಹೆಂಡತಿ. ನಾನು ಗೊಣಗಿದರೆ, "ಅದಾದ್ರೂ ತಿಂದಿದ್ದಕ್ಕೆ ಕೆಲಸ ಮಾಡುತ್ತೆ, ನೀವು ತಿಂದು ಮಲಗ್ತೀರಿ." ಅವರ ಜೊತೆ ಬಸ್ಸಿನಲ್ಲಿ ಹೋದರೆ ಇನ್ನೊಂದು ಗೋಳು. ಕಂಡಕ್ಟರು, "ಯಜಮಾನ್ರೇ, ಆ ಡೋಲು ಹಿಂದಕ್ಕೆ ಹಾಕ್ರೀ," ಎಂದರೆ ಭಾವನವರ ಮುಖ ಕೆಂಪಾಗುತ್ತದೆ. ಮೃದಂಗವನ್ನು ತೊಡೆಯ ಮೇಲೆ ಹೊಸ ಅಳಿಯನಂತೆ ಕೂರಿಸಿಕೊಂಡು, ಇಳಿಯುವವರೆಗೂ ಕಂಡಕ್ಟರನ್ನು ದುರುಗುಟ್ಟಿ ನೋಡುತ್ತಾರೆ. ಜಗಳ ಸಮಾಧಾನ ಮಾಡುವವನು ನಾನು.

ಪಾಪ, ಅವರ ವೃತ್ತಿಯೇ ಹಾಗೆ. ಚೆನ್ನಾಗಿ ಹಾಡುವವರಿಗೂ ನುಡಿಸಿದರು, ತಾಳವನ್ನು ಬೀದಿನಾಯಿಯಂತೆ ಅಟ್ಟಿಸಿಕೊಂಡು ಹೋಗುವವರಿಗೂ ನುಡಿಸಿದರು. ಆಮಂತ್ರಣದಲ್ಲಿ ಹಾಡುವವರ ಹೆಸರು ದಪ್ಪಕ್ಷರದಲ್ಲಿ, ಇವರದು ಅದರ ಕೆಳಗೆ ಇರುವೆಸಾಲು. ಇಡೀ ಕಚೇರಿಯಲ್ಲಿ ಅವರದೇ ಎನ್ನುವ ಹೊತ್ತು ಒಂದೇ, ತನಿ ಆವರ್ತನ. ಆಗ ಹಾಡುವವರು ಹಾಡು ನಿಲ್ಲಿಸಿ ಮೃದಂಗದವರಿಗೇ ವೇದಿಕೆ ಬಿಟ್ಟುಕೊಡುತ್ತಾರೆ. ಜನವೂ ಆಗಲೇ ಎದ್ದು ಹೋಗುತ್ತಾರೆ.

ನಮ್ಮ ಬೀದಿಯ ರಾಮನವಮಿ ಸಂಗೀತಕ್ಕೆ ನಾನು ಕಾರ್ಯದರ್ಶಿ. ಓದಿದ್ದು ಹೈಸ್ಕೂಲು, ದುಡಿದದ್ದು ಕಾರ್ಖಾನೆಯಲ್ಲಿ. ಸೈರನ್ ಕೂಗಿದರೆ ಊಟ, ಕೂಗಿದರೆ ಮನೆ. ಆ ಬುದ್ಧಿಯಿಂದಲೇ ಒಂದು ಸುಧಾರಣೆ ತಂದೆ. ತನಿಗೆ ಜನ ಹೇಗೂ ಏಳುತ್ತಾರಲ್ಲ, ಪಾನಕ ಕೋಸಂಬರಿಯನ್ನು ಆಗಲೇ ಹಂಚಿಬಿಟ್ಟರೆ ಕೊನೆಯಲ್ಲಿ ನೂಕುನುಗ್ಗಲಿಲ್ಲ! ಸಮಿತಿಯವರು ಬೆನ್ನು ತಟ್ಟಿದರು. ಭಾವ ಬಗ್ಗಿ ಮೃದಂಗದ ರವೆ ಕೆರೆಯತೊಡಗಿದರು. ಅವರಿಗೂ ಮೆಚ್ಚಿಗೆಯಾಗಿದೆ ಎಂದುಕೊಂಡೆ.

ಹೋದ ವರ್ಷ ಅವರ ಬೆರಳುಗಳು ಬಿಗಿಯಾಗತೊಡಗಿದವು. ಡಾಕ್ಟರು ಇನ್ನು ಸಾಕು ಎಂದರು. ರಾಮನವಮಿಗೆ ನಮ್ಮಲ್ಲಿ ನುಡಿಸಿ ನಿಲ್ಲಿಸುವುದೆಂದು ತೀರ್ಮಾನವಾಯಿತು. ಜೀವಮಾನದಲ್ಲಿ ಅವರ ಒಂದು ತನಿಯೂ ಪೂರ್ತಿ ರೆಕಾರ್ಡ್ ಆಗಿರಲಿಲ್ಲ, ಶಿಷ್ಯರು ಇದನ್ನಾದರೂ ವಿಡಿಯೋ ಮಾಡುವವರಿದ್ದರು. ಅಕ್ಕ ಫೋನ್ ಮಾಡಿದಳು. "ಇದೊಂದ್ಸಲ ಅವರ ತನಿ ಮುಗಿಯೋವರೆಗೂ ನಿನ್ನ ಕೋಸಂಬರಿ ಪಾತ್ರೆ ಮುಚ್ಚಿಡು ಮಾರಾಯ."

"ಆಯ್ತಕ್ಕ, ದೇವರಾಣೆ," ಎಂದೆ.

ಅಂದು ತನಿ ಶುರುವಾಯಿತು. ಅಷ್ಟರಲ್ಲಿ ಅಡುಗೆಯವನು ನನ್ನ ಅಂಗಿ ಜಗ್ಗಿದ. "ಸಾರ್, ಉಪ್ಪು ಬಿದ್ದಾಯ್ತು. ಸೌತೆಕಾಯಿ ನೀರು ಬಿಡ್ತಾ ಇದೆ. ಇನ್ನೂ ತಡ ಮಾಡಿದ್ರೆ ಕೋಸಂಬರಿ ಅಲ್ಲ, ಸಾರು ಬಡಿಸ್ಬೇಕಾಗುತ್ತೆ."

ಒಂದು ಕಡೆ ದೇವರಾಣೆ, ಇನ್ನೊಂದು ಕಡೆ ಸೌತೆಕಾಯಿ. ನಾನು ಮೈಕ್ ಹಿಡಿದೆ. "ಭಕ್ತಾದಿಗಳಲ್ಲಿ ವಿನಂತಿ, ಪಾನಕ ಕೋಸಂಬರಿ ಸಿದ್ಧವಾಗಿದೆ. ಗಲಾಟೆ ಮಾಡದೆ ಪಡೆದುಕೊಂಡು ಕಲೆಯನ್ನು ಪ್ರೋತ್ಸಾಹಿಸಬೇಕು."

ಆ ವಿಡಿಯೋ ಆಮೇಲೆ ನನ್ನ ಫೋನಿಗೂ ಬಂತು. ನನಗೆ ತಾಳ ಗೊತ್ತಿಲ್ಲ, ಆದರೂ ಭಾವನ ಬೆರಳುಗಳನ್ನು ನೋಡುತ್ತಾ ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ನನ್ನದೇ ಧ್ವನಿ. ಕುರ್ಚಿ ಎಳೆಯುವ ಸದ್ದು. "ಈ ಕಡೆ ಬರ್ಲೇ ಇಲ್ಲ ಕಣ್ರೀ!" ಎಂದು ಯಾರೋ ಕೂಗಿದ್ದು. ಆಮೇಲೆ ತಟ್ಟೆ ಹಿಡಿದು ಕ್ಯಾಮೆರಾಕ್ಕೆ ಅಡ್ಡ ಬಂದ ನನ್ನ ಅಗಲವಾದ ಬೆನ್ನು. ಮುಂದಿನ ಸಾಲಿನಲ್ಲಿ ಅಕ್ಕ ಒಬ್ಬಳೇ ಉಳಿದಿದ್ದಳು, ತೊಡೆಯ ಮೇಲೆ ತಾಳ ಹಾಕುತ್ತಾ. ನಾನು ಆ ಕೈಯನ್ನೇ ಹಿಡಿದು ಅದರಲ್ಲಿ ದೊನ್ನೆ ಇಟ್ಟೆ. "ತಗೊಳ್ಳೇ ಅಕ್ಕ, ನೀರು ಬಿಡುತ್ತೆ." ಅವಳು ದೊನ್ನೆಯನ್ನು ನೋಡಿದಳು, ಬಗ್ಗಿ ನೆಲದ ಮೇಲಿಟ್ಟಳು. ಮತ್ತೆ ತಾಳ ಹಿಡಿಯುವಷ್ಟರಲ್ಲಿ ಭಾವ ಮುಗಿಸಿಬಿಟ್ಟಿದ್ದರು.

ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಭಾವನ ಮುಂದೆ ಕೈ ಮುಗಿದು, "ತಪ್ಪಾಯ್ತು ಭಾವ," ಎಂದೆ. ಅವರು ನಕ್ಕರು. "ಬಿಡೋ ಮಾರಾಯ, ತನಿ ಅಂದ್ರೆ ನನಗೆ ಬರೀ ಬೆನ್ನು ಕಂಡೇ ಅಭ್ಯಾಸ. ಅಷ್ಟು ಜನರ ಮುಖ ಕಂಡಿದ್ರೆ ಗಾಬರಿಯಲ್ಲಿ ನನ್ನ ಲೆಕ್ಕವೇ ತಪ್ತಿತ್ತೇನೋ." ಆಮೇಲೆ ದನಿ ತಗ್ಗಿಸಿ, "ಒಂದೇ ಒಂದು ಮುಖ ನೋಡ್ಕೊಂಡು ಇಷ್ಟು ವರ್ಷ ನುಡಿಸ್ದೆ. ಅವಳ ಹತ್ರ ಹೋಗಿ ಮಾತಾಡು," ಎಂದರು.

ಅಡುಗೆಮನೆಗೆ ಹೋದೆ. ಅಕ್ಕ ಅಕ್ಕಿರೊಟ್ಟಿ ತಟ್ಟುತ್ತಿದ್ದಳು.

"ಏನೋ, ಹಾಗೇ ನಿಂತ್ಬಿಟ್ಟೆ?"

"ಏನಿಲ್ಲ. ವಾಸನೆ ಚೆನ್ನಾಗಿದೆ."

"ಕೂತ್ಕೋ, ಬಿಸಿ ಬಿಸಿ ಹಾಕ್ತೀನಿ."

ಕೂತೆ. ತಿಂದೆ. ಇನ್ನೊಂದು ಬೇಕೇನೋ ಎಂದಳು, ಹೂಂ ಎಂದೆ. ಕ್ಷಮೆ ಕೇಳುವುದಕ್ಕೆ ಬಾಯಿ ಖಾಲಿ ಇರಬೇಕು. ಅವಳು ಖಾಲಿ ಇರಲು ಬಿಡಲಿಲ್ಲ, ನಾನೂ ಬೇಡ ಎನ್ನಲಿಲ್ಲ. ಸಂಜೆಯ ಬಸ್ಸಿಗೆ ಹೊಟ್ಟೆ ಸವರಿಕೊಳ್ಳುತ್ತಾ ವಾಪಸ್ಸು ಬಂದೆ. ಭಾವನನ್ನು ಕೇಳಿದ್ದಾಯಿತು, ಸಮಿತಿಯವರನ್ನು ಕೇಳಿದ್ದಾಯಿತು, ಆಣೆ ಮುರಿದದ್ದಕ್ಕೆ ರಾಮದೇವರನ್ನೂ ಕೇಳಿದ್ದಾಯಿತು. ಇಷ್ಟು ದೂರ ಬರೆದ ಮೇಲೂ ಎದುರು ನಿಂತು ಕ್ಷಮೆ ಕೇಳುವ ಧೈರ್ಯ ನನಗೆ ಬಾರದೆ ಉಳಿದುಕೊಂಡಿರುವವಳು ಒಬ್ಬಳೇ, ನನ್ನ ಅಕ್ಕ ಸರೋಜಮ್ಮ.